ಒಂಟಿಯಾಗಿರುವುದನ್ನೂ ಮರಿಗೆ ಕಲಿಸಬೇಕು

ಮುಧೋಳ

ಚಿ. ಸೌ. ಪುಟ್ಟಿಗೆ ಮಾಮಾನ ಆಶೀರ್ವಾದಗಳು.

ನೀನು ಕಳಿಸಿದ ಧ್ವನಿಸಂದೇಶ ಕೇಳಿದೆ. ಅದರ ಹಿಂದೆ ನಿನ್ನ ನಾಯಿಮರಿ ಚುಕ್ಕಿಯ ಅಳುವೂ ಕೇಳಿಸಿತು. ರಾತ್ರಿ ಮಲಗಲು ಬಿಡುವುದಿಲ್ಲ, ನೀನು ಸ್ನಾನಕ್ಕೆ ಹೋದರೂ ಹೊರಗೆ ಕುಳಿತು ಬಾಗಿಲು ಕೆರೆಯುತ್ತದೆ, ಮುಂದಿನ ತಿಂಗಳಿಂದ ಕಚೇರಿಗೆ ಹೋಗಲೇಬೇಕು, ಆಗ ಏನು ಗತಿ ಎಂದು ಕೇಳಿದ್ದೀಯೆ. ಬಾತ್‌ರೂಮಿನಲ್ಲಿ ಕೂಡಿಹಾಕಿ, ಅತ್ತು ಅತ್ತು ತಾನೇ ಸುಮ್ಮನಾಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದರಂತೆ. ಅವರ ಮೇಲೆ ಸಿಟ್ಟಾಗಬೇಡ, ಆದರೆ ಆ ಮಾತನ್ನು ಮಾತ್ರ ಕೇಳಬೇಡ. ಪಶು ಆಸ್ಪತ್ರೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ: ಹಾಗೆ ಕೂಡಿಹಾಕಿದ ಮರಿಗೆ ಬಾಗಿಲು ಮುಚ್ಚುವುದೆಂದರೆ ಭಯ ಎಂಬ ಒಂದೇ ಪಾಠ ಉಳಿಯುತ್ತದೆ. ಬೆಳೆದ ಮೇಲೆ ಅದನ್ನು ಬಿಡಿಸುವುದು ಬಹಳ ಕಷ್ಟ.

ಚುಕ್ಕಿ ತಿಮ್ಮಾಪುರದ ಶ್ವಾನ ಕೇಂದ್ರದಿಂದ ನಿನ್ನ ಜೊತೆ ಹೊರಟಾಗ ಅದಕ್ಕೆ ಎರಡು ತಿಂಗಳು. ಅಲ್ಲಿಯವರೆಗೆ ಅದು ಒಂದು ರಾತ್ರಿಯೂ ಒಂಟಿಯಾಗಿ ಮಲಗಿದ್ದಲ್ಲ. ತಾಯಿಯ ಮೈಬಿಸಿ, ಒಡಹುಟ್ಟಿದವರ ಉಸಿರು, ಗೊತ್ತಿದ್ದ ವಾಸನೆ ಎಲ್ಲವೂ ಒಂದೇ ದಿನದಲ್ಲಿ ಹೋಯಿತು. ಅದು ಅಳದಿದ್ದರೆ ನನಗೆ ಹೆಚ್ಚು ಚಿಂತೆಯಾಗುತ್ತಿತ್ತು. ಈಗಿನ ಅಳು ಕಾಯಿಲೆಯಲ್ಲ, ಹೊಸ ಜಾಗಕ್ಕೆ ಬಂದ ಯಾವ ಮರಿಯೂ ಕೆಲವು ದಿನ ಹೀಗೆಯೇ ಇರುತ್ತದೆ. ನಾವು ಈ ಹಂತದಲ್ಲಿ ಹೇಗೆ ನಡೆದುಕೊಳ್ಳುತ್ತೇವೆ ಎಂಬುದರ ಮೇಲೆ ಮುಂದಿನದು ನಿಂತಿದೆ.

ರಾತ್ರಿಯ ವಿಷಯ ಸುಲಭ. ಅದರ ಹಾಸಿಗೆಯನ್ನು ನಿನ್ನ ಮಂಚದ ಪಕ್ಕದಲ್ಲೇ ಹಾಕು. ನಮ್ಮ ಮುಧೋಳ ನಾಯಿಗೆ ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬು ಕಡಿಮೆ. ಬೆಂಗಳೂರಿನ ಚಳಿ ಅದಕ್ಕೆ ತಟ್ಟುತ್ತದೆ, ಆದ್ದರಿಂದ ಅಜ್ಜಿಯ ಹಳೆಯ ಕೌದಿ ಮಡಚಿ ಹಾಸು. ಎಚ್ಚರಗೊಂಡು ಅತ್ತರೆ ಕೈ ಇಳಿಬಿಟ್ಟು ಮುಟ್ಟು. ಈ ವಯಸ್ಸಿನ ಮರಿ ಮೂತ್ರ ತಡೆದುಕೊಳ್ಳುವುದು ಹೆಚ್ಚೆಂದರೆ ಮೂರು ಗಂಟೆ, ಹಾಗಾಗಿ ರಾತ್ರಿ ಒಂದೆರಡು ಸಲ ಎದ್ದು, ಮಾತಿಲ್ಲದೆ, ಆಟವಿಲ್ಲದೆ ಮೂತ್ರಕ್ಕೆ ಒಯ್ದು ತಂದು ಮಲಗಿಸು. ನೆಮ್ಮದಿಯಾಗಿ ಮಲಗತೊಡಗಿದ ಮೇಲೆ ಹಾಸಿಗೆಯನ್ನು ಸ್ವಲ್ಪ ಸ್ವಲ್ಪವೇ ಬಾಗಿಲ ಕಡೆಗೆ ಸರಿಸುತ್ತಾ ಹೋಗು.

ಹಗಲಿನ ಕೆಲಸವೇ ಹೆಚ್ಚಿನದು. ಇಲ್ಲಿ ನಮ್ಮ ಹಳ್ಳಿಗಳಲ್ಲಿ ಈ ನಾಯಿಗಳನ್ನು ಸಾಕುವ ರೈತರ, ಕುರಿಗಾರರ ಮನೆಗಳನ್ನು ನೀನೇ ನೋಡಿದ್ದೀಯೆ. ಅಂಗಳದಲ್ಲಿ ಸದಾ ಯಾರಾದರೂ ಇರುತ್ತಾರೆ, ಇಲ್ಲದಿದ್ದರೆ ದನಕರು, ಕುರಿಗಳಾದರೂ ಇರುತ್ತವೆ. ಬೀಗ ಹಾಕಿದ ಮನೆಯೊಳಗೆ ಒಂದೇ ನಾಯಿ ಇಡೀ ದಿನ ಕಳೆಯುವುದು ಈ ತಳಿಗೆ ಪರಿಚಯವೇ ಇಲ್ಲದ ಸ್ಥಿತಿ. ಮೇಲಾಗಿ ಇದು ಮನೆಯವರನ್ನು ಬಲವಾಗಿ ಹಚ್ಚಿಕೊಳ್ಳುವ, ಅಪರಿಚಿತರಿಂದ ದೂರ ಸರಿಯುವ ನಾಯಿ. ಗದರಿದರೆ ಮುದುಡಿಕೊಳ್ಳುತ್ತದೆ. ನೀನು ಈಗ ಮನೆಯಿಂದಲೇ ಕೆಲಸ ಮಾಡುತ್ತಿರುವುದರಿಂದ ಚುಕ್ಕಿ ಮೂರು ಹೊತ್ತೂ ನಿನ್ನ ಕಾಲಬುಡದಲ್ಲೇ ಇದೆ. 2020ರ ಲಾಕ್‌ಡೌನಿನಲ್ಲಿ ಮನೆಗೆ ಬಂದ ಎಷ್ಟೋ ಮರಿಗಳ ಪಾಡೂ ಇದೇ ಆಗಿತ್ತು. ಮನೆಯವರು ಕಚೇರಿಗೆ ಹೊರಟ ಮೊದಲ ದಿನವೇ ಅವು ಕಂಗಾಲಾದವು.

ಆದ್ದರಿಂದ ಅಗಲಿಕೆಯ ಅಭ್ಯಾಸವನ್ನು ಮನೆಯೊಳಗೇ ಶುರುಮಾಡು. ನೀನು ಅಡುಗೆಮನೆಯಲ್ಲಿದ್ದಾಗ ಅದು ನಡುಮನೆಯಲ್ಲಿ ತನ್ನ ಹಾಸಿಗೆಯ ಮೇಲೆ ಇರಲಿ, ನಡುವೆ ಒಂದು ಮೋಟು ಅಡ್ಡಗೇಟು ಇರಲಿ. ಆಮೇಲೆ ಕೋಣೆಯ ಬಾಗಿಲು ಮುಚ್ಚಿ ಐದು ಸೆಕೆಂಡಿನಲ್ಲಿ ತೆರೆ. ಬಳಿಕ ಹತ್ತು, ಮತ್ತೆ ಐದು, ಆಮೇಲೆ ಇಪ್ಪತ್ತು. ಪ್ರತಿ ಸಲವೂ ಹೆಚ್ಚಿಸುತ್ತಲೇ ಹೋಗಬೇಡ, ನಡುನಡುವೆ ಇಳಿಸು. ಈಜು ಕಲಿಸುವವನು ಮಗುವನ್ನು ಮೊದಲು ಮೊಣಕಾಲುದ್ದದ ನೀರಿನಲ್ಲೇ ಆಡಿಸುವಂತೆ, ಅದು ಹೆದರುವ ಆಳಕ್ಕೆ ಹೋಗುವ ಮೊದಲೇ ಹಿಂದಿರುಗಿ ಬರಬೇಕು. ಅತ್ತರೆ ಬಾಗಿಲು ತೆರೆಯಬಾರದು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಲೆಕ್ಕ ಬೇರೆ: ಅತ್ತಿತೆಂದರೆ ನಾವು ಹೆಚ್ಚು ಹೊತ್ತು ಬಿಟ್ಟೆವು ಎಂದೇ ಅರ್ಥ. ಹೋಗಿ ಸಮಾಧಾನ ಮಾಡು, ಮುಂದಿನ ಸಲ ಸಮಯ ಕಡಿಮೆ ಮಾಡು.

ಇನ್ನೊಂದು ಸಂಗತಿ. ನೀನು ಹೊರಡುವುದು ಬಾಗಿಲು ದಾಟಿದಾಗ ಎಂದು ನಿನಗೆ ಅನ್ನಿಸಬಹುದು, ಚುಕ್ಕಿಗೆ ಅದು ಬೀಗದ ಕೈಯ ಸದ್ದಿನಿಂದಲೇ ಶುರುವಾಗುತ್ತದೆ. ದಿನಕ್ಕೆ ಹಲವು ಸಲ ಬೀಗದ ಕೈ ತೆಗೆದುಕೊಂಡು ಸುಮ್ಮನೆ ಕುರ್ಚಿಯಲ್ಲಿ ಕುಳಿತುಕೋ. ಚಪ್ಪಲಿ ಹಾಕಿಕೊಂಡು ಚಹಾ ಮಾಡು. ಚೀಲ ಹೆಗಲಿಗೇರಿಸಿ ಇಳಿಸು. ಆ ಸದ್ದುಗಳಿಗೆ ಅರ್ಥವೇ ಇಲ್ಲ ಎಂದು ಅದಕ್ಕೆ ಅನ್ನಿಸಿದ ಮೇಲೆ ಮೆಟ್ಟಿಲವರೆಗೆ ಹೋಗಿ ಬಾ, ಆಮೇಲೆ ಕೆಳಗಿನ ಅಂಗಡಿಯವರೆಗೆ. ಮೊದಲ ಅರ್ಧ ಗಂಟೆಯೇ ಕಠಿಣ. ಅದನ್ನು ನೆಮ್ಮದಿಯಾಗಿ ದಾಟಲು ಕಲಿತ ಮರಿಗೆ ಅಲ್ಲಿಂದ ಮುಂದೆ ಸಮಯ ಬೇಗ ಕೂಡುತ್ತದೆ. ಹೊರಡುವಾಗ, ಬಂದಾಗ ಅದರ ಮುಖವನ್ನೂ ನೋಡಬಾರದು ಎಂಬ ನಿಯಮ ನನಗೆ ಒಪ್ಪಿಗೆಯಿಲ್ಲ. ತಣ್ಣಗಿನ ದನಿಯಲ್ಲಿ ಎರಡು ಮಾತಾಡು, ತಲೆ ಸವರು, ಸಾಕು.

ಒಂಟಿಯಾಗಿರುವ ಹೊತ್ತಿಗೆಂದೇ ಒಂದು ರುಚಿ ಮೀಸಲಿಡು. ಪೊಳ್ಳು ರಬ್ಬರ್ ಆಟಿಕೆಯಲ್ಲಿ ಮೊಸರನ್ನ ತುಂಬಿ ಫ್ರೀಜರಿನಲ್ಲಿಡು, ಅಥವಾ ರೊಟ್ಟಿಯ ಚೂರುಗಳನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕೊಡು, ಮೂಸಿ ಮೂಸಿ ಬಿಡಿಸಿಕೊಂಡು ತಿನ್ನಲಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ, ಬೇಯಿಸಿದ ಎಲುಬೂ ಬೇಡ. ಈ ರುಚಿಯಿಂದ ಇನ್ನೊಂದು ಉಪಕಾರವಿದೆ. ಹೆದರಿದ ನಾಯಿ ತಿನ್ನುವುದಿಲ್ಲ. ನೀನು ಬರುವವರೆಗೂ ಆಟಿಕೆ ಮುಟ್ಟದೆ ಬಿದ್ದಿದ್ದರೆ ಬೇಸರಕ್ಕೆ ಅತ್ತದ್ದಲ್ಲ, ಭಯವಾಗಿತ್ತು ಎಂದು ತಿಳಿ. ಹಳೆಯ ಮೊಬೈಲನ್ನು ಕಪಾಟಿನ ಮೇಲಿಟ್ಟು ವಿಡಿಯೊ ಮಾಡು. ಏದುಸಿರು, ಜೊಲ್ಲು, ಒಂದೇ ಸಮನೆ ಅತ್ತಿಂದಿತ್ತ ಓಡಾಟ, ಬಾಗಿಲ ಚೌಕಟ್ಟನ್ನೇ ಕಡಿಯುವುದು ಕಂಡರೆ ನಾಲ್ಕು ಹೆಜ್ಜೆ ಹಿಂದೆ ಬಂದು ಮತ್ತೆ ಶುರುಮಾಡು. ಅಂಥ ಸ್ಥಿತಿಯಲ್ಲಿ ಪಂಜರದೊಳಗೆ ಹಾಕಿ ಚಿಲಕ ಹಾಕಬಾರದು. ಕಂಬಿ ಕಡಿದು ಹಲ್ಲು ಮುರಿದುಕೊಂಡ, ಉಗುರು ಕಿತ್ತುಕೊಂಡ ನಾಯಿಗಳಿಗೆ ನಾನು ಚಿಕಿತ್ಸೆ ಮಾಡಿದ್ದೇನೆ.

ಬಂದು ನೋಡಿದಾಗ ಮನೆ ಹೊಲಸಾಗಿದ್ದರೂ ಬೈಯಬೇಡ. ತಪ್ಪು ಮಾಡಿದ ಮುಖ ಮಾಡಿಕೊಂಡಿತ್ತು ಎನ್ನುತ್ತಾರಲ್ಲ, ಅದನ್ನು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿಜ್ಞಾನಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದ್ದಾರೆ. ಆ ಮುಖ ಮಾಲೀಕರ ಬೈಗುಳಕ್ಕೆ ಬಂದದ್ದು. ಏನೂ ತಪ್ಪು ಮಾಡದ ನಾಯಿಗಳೂ ಬೈದಾಗ ಹಾಗೇ ಮುಖ ಮಾಡಿದವು. ನೀನು ಗದರಿದರೆ, ಒಂಟಿತನದ ಭಯಕ್ಕೆ ನೀನು ಹಿಂದಿರುಗುವ ಭಯವೂ ಸೇರಿಕೊಳ್ಳುತ್ತದೆ.

ಲಸಿಕೆಗಳೆಲ್ಲ ಮುಗಿಯುವವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳವರೆಗೆ, ಬೀದಿಯ ನೆಲಕ್ಕೆ ಬಿಡಬೇಡ. ನೆಲದಿಂದಲೂ ಅಂಟುವ ಪಾರ್ವೊ ಎಂಬ ಮಾರಕ ವೈರಾಣು ರೋಗ ಮರಿಗಳನ್ನು ಬಿಡುವುದಿಲ್ಲ. ಆದರೆ ಎತ್ತಿಕೊಂಡು ಹೋಗಿ ಆಟೊ, ಬಸ್ಸು, ಮಕ್ಕಳು, ಕೊಡೆ ಹಿಡಿದವರು ಎಲ್ಲವನ್ನೂ ತೋರಿಸು. ಜಗತ್ತನ್ನು ನಂಬುವುದನ್ನು ಮರಿ ಕಲಿಯುವುದು ಮೊದಲ ಮೂರು ಮೂರೂವರೆ ತಿಂಗಳಲ್ಲೇ.

ಇಷ್ಟೆಲ್ಲ ಮಾಡಿದ ಮೇಲೂ ಆರು ತಿಂಗಳಾಗುವ ಹೊತ್ತಿಗೆ ಭಯ ಹಾಗೇ ಉಳಿದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗು. ಫ್ಲೂಆಕ್ಸೆಟೀನ್, ಕ್ಲೋಮಿಪ್ರಮೀನ್‌ನಂಥ ಆತಂಕ ತಗ್ಗಿಸುವ ಔಷಧಿಗಳಿವೆ, ಅಭ್ಯಾಸದ ಜೊತೆಗೆ ಕೊಟ್ಟಾಗ ನೆರವಾಗುತ್ತವೆ. ಅದನ್ನು ವೈದ್ಯರೇ ನಿರ್ಧರಿಸಬೇಕು, ಮನುಷ್ಯರ ಮಾತ್ರೆಯನ್ನು ನೀನಾಗಿ ಕೊಡುವಂತಿಲ್ಲ. ಜೊತೆಗಿರಲಿ ಎಂದು ಇನ್ನೊಂದು ಮರಿ ತರುವ ಯೋಚನೆಯೂ ಈಗ ಬೇಡ. ಚುಕ್ಕಿಗೆ ಬೇಕಾದದ್ದು ನೀನು, ಆ ಮರಿಯೂ ನಿನ್ನ ದಾರಿಯನ್ನೇ ಕಾಯಬಹುದು.

ಕಚೇರಿಯ ವಿಷಯ: ಮೂರು ತಿಂಗಳ ಮರಿ ಎಂಟೊಂಬತ್ತು ಗಂಟೆ ಒಂಟಿಯಾಗಿರಲಾರದು, ಯಾವ ಅಭ್ಯಾಸದಿಂದಲೂ ಅದು ಆಗುವುದಿಲ್ಲ. ಮಧ್ಯಾಹ್ನ ಬಂದು ಹೋಗುವ ಒಬ್ಬರನ್ನು ಈಗಲೇ ಗೊತ್ತುಮಾಡು, ಅವರು ನೀನು ಮನೆಯಲ್ಲಿರುವಾಗಲೇ ಬಂದು ಚುಕ್ಕಿಗೆ ಪರಿಚಯವಾಗಲಿ. ಕಚೇರಿ ಶುರುವಾಗುವ ತಾರೀಖು ಖಚಿತವಾದ ಕೂಡಲೇ ತಿಳಿಸು, ಅದಕ್ಕೆ ಒಂದು ವಾರ ಮುಂಚೆ ನಾನು ಬಂದು ಇಳಿಯುತ್ತೇನೆ. ಈ ವಾರದ ವಿಡಿಯೊ ಮಾಡಿದ ಮೇಲೆ ಕಳಿಸು, ನೋಡಿ ಮಾತಾಡೋಣ.

ಇಂತಿ ನಿನ್ನ
ಮಾಮಾ