ಹರಾಜು ಮುಗಿದ ಮೇಲೂ ಹೊಣೆಯಿದೆ

ಮಾನ್ಯರೇ,

ಮೈಸೂರಿನ ಹಳೆಯ ಮನೆಗಳ ಬೀಟೆ ಮರದ ಕೆತ್ತನೆ ಪೆಟ್ಟಿಗೆಗಳು ಈಗ ಆನ್‌ಲೈನ್ ಹರಾಜಿಗೂ ಬರುತ್ತಿವೆ. ಆದರೆ ನಿರೀಕ್ಷಿಸಿದ ಬೆಲೆ ಬರಲಿಲ್ಲವೆಂದು ಮಾರಾಟಗಾರರು ನೆಪ ಹೇಳಿ ನುಣುಚಿಕೊಳ್ಳುವುದು, ಪೈಪೋಟಿಯಲ್ಲಿ ಬಿಡ್ ಏರಿಸಿದವರು ಮರುದಿನ ಫೋನ್ ಕರೆಯನ್ನೇ ಸ್ವೀಕರಿಸದಿರುವುದು ತೀರಾ ಬೇಸರದ ಸಂಗತಿ.

1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಪ್ರಕಾರ, ಹರಾಜು ಮುಗಿಯಿತೆಂದು ಘೋಷಿಸುವವರೆಗೆ ಮಾತ್ರ ಬಿಡ್ ಹಿಂಪಡೆಯಲು ಅವಕಾಶವಿದೆ. ಅನಂತರ ಒಪ್ಪಂದದಂತೆ ಸರಕು ಒಪ್ಪಿಸುವುದು ಮಾರಾಟಗಾರರ, ಅದನ್ನು ಸ್ವೀಕರಿಸಿ ಹಣ ಪಾವತಿಸುವುದು ಖರೀದಿದಾರರ ಕರ್ತವ್ಯವೆಂದು 31ನೇ ಕಲಂ ಸ್ಪಷ್ಟಪಡಿಸುತ್ತದೆ. ಪೆಟ್ಟಿಗೆಯ ಕೀಲು ಸಡಿಲವಾಗಿದ್ದರೆ, ಮುಚ್ಚಳದಲ್ಲಿ ಕೂಡಿಸಿದ ಮರದ ಚೂರು ಉದುರಿದ್ದರೆ ಹರಾಜಿಗೆ ಮುನ್ನವೇ ಚಿತ್ರಸಹಿತ ತಿಳಿಸಬೇಕು. ಸಾಗಣೆ ವೆಚ್ಚ ಯಾರದೆಂಬುದನ್ನೂ ಆಗಲೇ ಬರೆದಿಡಬೇಕು. ಹೆಚ್ಚಿನ ಜಗಳಗಳು ಹುಟ್ಟುವುದೇ ಇಲ್ಲಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಹರಾಜು ಜಾಲತಾಣಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿದೆ. 2020ರ ಇ-ವಾಣಿಜ್ಯ ನಿಯಮಗಳಂತೆ ದೂರು ತಲುಪಿದ್ದನ್ನು ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಗಳಲ್ಲಿ ಖಚಿತಪಡಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಈ ಅಧಿಕಾರಿಯ ಹೆಸರು, ಸಂಪರ್ಕ ವಿವರಗಳನ್ನು ತಾಣಗಳು ಕನ್ನಡದಲ್ಲಿಯೂ ಪ್ರಕಟಿಸುವಂತೆ ಸಂಬಂಧಪಟ್ಟ ಇಲಾಖೆ ಕೂಡಲೇ ಸೂಚಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಓದುಗ, ಕುವೆಂಪುನಗರ, ಮೈಸೂರು