ವಾಂತಿ ಶುರುವಾದದ್ದು ಯಾವತ್ತು?

ಮಾನ್ಯರೇ,

ವಾಂತಿಭೇದಿ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ‘ಒಂದೇ ದಿನ ಇಷ್ಟು ಮಂದಿ ಆಸ್ಪತ್ರೆಗೆ’ ಎಂದು ಇರುತ್ತದೆ. ಅವರಿಗೆ ಕಾಯಿಲೆ ಶುರುವಾದದ್ದು ಯಾವತ್ತು ಅಂತ ಮಾತ್ರ ಇರುವುದಿಲ್ಲ. ಮೂವತ್ತು ವರ್ಷ ಆರೋಗ್ಯ ಸಹಾಯಕಿಯಾಗಿ ಮನೆ ಮನೆ ಸುತ್ತಿದವಳು ನಾನು, ಅದಕ್ಕೇ ಇದು ಚುಚ್ಚುತ್ತದೆ.

ಕಳೆದ ತಿಂಗಳು ನಮ್ಮ ವಠಾರದಲ್ಲೇ ಹೀಗಾಯಿತು. ಸೋಮವಾರ ಕ್ಲಿನಿಕ್ ಮುಂದೆ ನಮ್ಮವರದೇ ಕ್ಯೂ. ಶನಿವಾರ ಸಂಜೆಯ ಪಾನಿಪೂರಿಯೇ ಕಾರಣ ಎಂದು ಗಾಡಿಯವನನ್ನು ಬೈದು ಓಡಿಸಿದರು. ಭಾನುವಾರ ಕ್ಲಿನಿಕ್ ಬಾಗಿಲು ಹಾಕಿದ್ದರೆ ಸೋಮವಾರ ಕ್ಯೂ ಇರದೆ ಇನ್ನೇನು, ಅಲ್ವಾ?

ಮೊಮ್ಮಗಳ ಚೌಕುಳಿ ನೋಟ್‌ಬುಕ್ ಹಿಡಿದು ಹೊರಟೆ. ಕೆಳಗೆ ಸಾಲಾಗಿ ತಾರೀಖು, ಕಾಯಿಲೆ ಶುರುವಾದ ದಿನದ ಮೇಲೆ ಒಬ್ಬರಿಗೆ ಒಂದು ಚೌಕ. ತಾರೀಖು ಯಾರಿಗೂ ನೆನಪಿಲ್ಲ. ‘ಏಕಾದಶಿ ದಿನ ಕಣಮ್ಮ, ರಾತ್ರಿ ಶುರುವಾಯ್ತು’ ಎಂದರು ಮೂಲೆಮನೆ ಅಜ್ಜಿ. ಕ್ಯಾಲೆಂಡರ್ ನೋಡಿದೆ. ಆ ಶನಿವಾರಕ್ಕೆ ನಾಲ್ಕು ದಿನ ಮುಂಚೆ!

ಎಲ್ಲರೂ ಒಂದೇ ಹೊತ್ತಿನ ಊಟದಿಂದ ಕಾಯಿಲೆ ಬಿದ್ದಿದ್ದರೆ ಚೌಕಗಳು ಧಡಕ್ಕನೆ ಏರಿ, ಆಮೇಲೆ ಇಳಿಯುತ್ತವೆ. ಒಬ್ಬರಿಂದ ಒಬ್ಬರಿಗೆ ಅಂಟಿದರೆ ಅಲೆ ಅಲೆಯಾಗಿ ಬರುತ್ತವೆ. ನಮ್ಮದು ದಿನಕ್ಕೆ ಎರಡು, ಮೂರು ಅಂತ ಒಂಬತ್ತು ದಿನ ಜಗಲಿ ಕಟ್ಟಿದ ಹಾಗೆ ಮಟ್ಟಸವಾಗಿತ್ತು. ದಿನವೂ ಹೊಟ್ಟೆಗೆ ಹೋಗುವುದು ಏನೋ ಇದೆ ಅನ್ನಿಸಿತು. ಹನ್ನೊಂದು ಮನೆಗೂ ಒಂದೇ ಸಂಪ್. ಇಣುಕಿದರೆ ಗೋಡೆ ಬಿರುಕು ಬಿಟ್ಟಿದೆ, ಪಕ್ಕದಲ್ಲೇ ಕಕ್ಕಸಿನ ಪೈಪು. ಸಂಪ್ ಖಾಲಿ ಮಾಡಿಸಿ, ಬಿರುಕು ಮುಚ್ಚಿಸಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿದ ಮೇಲೂ ಎರಡು ಚೌಕ ಬಿದ್ದವು. ಅವರು ಮೊದಲೇ ಆ ನೀರು ಕುಡಿದಿದ್ದವರು. ಆಮೇಲೆ ಇಲ್ಲ.

ನನ್ನಿಂದಲೇ ನಿಂತಿತು ಅಂತ ಸುಮ್ನೆ ಬೀಗುವುದಿಲ್ಲ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ನೀರಿನಿಂದ ಹರಡುತ್ತದೆ ಎಂದ ಡಾಕ್ಟರ್ ಜಾನ್ ಸ್ನೋ ಮಾತು ಕೇಳಿ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ನೀರಿನ ಪಂಪಿನ ಹಿಡಿ ಕಳಚಿದಾಗಲೂ ಕಾಲರಾ ಆಗಲೇ ಇಳಿಯುತ್ತಿತ್ತು. ಅದೂ ತಿಳಿದದ್ದು ದಿನವಾರು ಲೆಕ್ಕದಿಂದಲೇ.

ಕಾಲರಾ ಕಾಣಿಸಿಕೊಳ್ಳಲು ಕೆಲವು ಗಂಟೆಯಿಂದ 5 ದಿನ ಬೇಕು. ಹೆಪಟೈಟಿಸ್ ಎ ಕಾಮಾಲೆಗೆ 15ರಿಂದ 50 ದಿನ. ಶುರುವಾದ ದಿನದಿಂದ ಹಿಂದಕ್ಕೆ ಎಣಿಸಿದರೆ ಎಲ್ಲಿ ತಿಂದರು, ಯಾವ ನೀರು ಕುಡಿದರು ಅಂತ ಕೇಳಬಹುದು. ಆಸ್ಪತ್ರೆಗೆ ಬಂದ ದಿನದಿಂದ ಎಣಿಸಿದರೆ ಪಾನಿಪೂರಿ ಗಾಡಿಯೇ ಸಿಗುವುದು.

ವಾರ್ಡಿನ ಆರೋಗ್ಯ ಸಿಬ್ಬಂದಿ ಆ ಒಂದು ತಾರೀಖನ್ನು ತಪ್ಪದೆ ಬರೆದುಕೊಳ್ಳಲಿ. ನಿಮ್ಮ ವರದಿಗಾರರೂ ಅದನ್ನೇ ಕೇಳಿ, ಚೌಕಗಳ ಚಿತ್ರ ಅಚ್ಚು ಮಾಡಿ. ಎರಡು ಇಂಚು ಜಾಗ ಸಾಕು.

– ನಿವೃತ್ತ ಆರೋಗ್ಯ ಸಹಾಯಕಿ, ಬೆಂಗಳೂರು