ಗೋದಾಮಿನ ಬೀಗ ತೆಗೆಯುವವರು ಯಾರು?

ಮಾನ್ಯರೇ,

ಹಳೆ ಗೋದಾಮಿನ ಸಾಮೂಹಿಕ ಚಿತ್ರಪ್ರದರ್ಶನದ ಬಗ್ಗೆ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ‘ವಿನೂತನ ಜಾಗ’ ಅಂತ ಹೊಗಳಿದ್ದೀರಿ. ಫೋಟೊ ಚೆನ್ನಾಗಿದೆ. ಫೋಟೊದಲ್ಲಿ ಮುಗ್ಗಲು ವಾಸನೆ ಬರುವುದಿಲ್ಲವಲ್ಲ!

ಅಲ್ಲಿ ಚಿತ್ರ ಇಟ್ಟ ಹನ್ನೆರಡು ಕಲಾವಿದರಲ್ಲಿ ನಾನೂ ಒಬ್ಬ. ಬಾಗಿಲಿನ ಎಡಗಡೆ ಗೋಡೆ ನನ್ನ ಪಾಲಿಗೆ ಬಂದಿತ್ತು. ಐದು ಜಲವರ್ಣ ಚಿತ್ರ ತೂಗುಹಾಕಿದ್ದೆ. ಮೊದಲ ರಾತ್ರಿಯೇ ಮಳೆ ಬಂತು, ಗೋಡೆಗೆ ತೇವ ಇಳಿಯಿತು. ಬೆಳಿಗ್ಗೆ ನೋಡಿದರೆ ಒಂದು ಕಾಗದ ಅಲೆಅಲೆಯಾಗಿ ಉಬ್ಬಿದೆ, ಇನ್ನೊಂದರ ಗಾಜಿನ ಒಳಗೆ ಹನಿ ಕೂತಿದೆ. ನಾನು ಬರೆದಿದ್ದು ಬಿರುಬಿಸಿಲಿನ ಬಯಲು. ಈಗ ಅದರ ನಡುವೆ ಒಂದು ಕೆರೆ. ನೋಡಲು ಬಂದವರೊಬ್ಬರು ‘ಕೆರೆ ಬಹಳ ಚೆನ್ನಾಗಿ ಬಂದಿದೆ’ ಅಂದರು. ಥ್ಯಾಂಕ್ಸ್ ಹೇಳಿದೆ. ಇನ್ನೇನು ಹೇಳಲಿ?

ಜಾಗ ಆರಿಸುವ ಸಭೆಯಲ್ಲಿ ನಮ್ಮವರೇ ಲಂಡನ್ ಕಥೆ ತೆಗೆದಿದ್ದರು. 1988ರಲ್ಲಿ ಕಲಾವಿದ ಡೇಮಿಯನ್ ಹರ್ಸ್ಟ್ ಮತ್ತು ಜೊತೆಯ ಕಲಾ ವಿದ್ಯಾರ್ಥಿಗಳು ಬಂದರಿನ ಖಾಲಿ ಕಟ್ಟಡದಲ್ಲಿ ‘ಫ್ರೀಜ್’ ಪ್ರದರ್ಶನ ಮಾಡಿ ಹೆಸರು ಮಾಡಲಿಲ್ವಾ? 2012ರಲ್ಲಿ ಕೊಚ್ಚಿಯ ಬಿಯೆನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆಯ ಕಲಾಪ್ರದರ್ಶನ, ಶುರುವಾಗಿದ್ದೂ ಆಸ್ಪಿನ್‌ವಾಲ್ ಹೌಸ್‌ನಂಥ ಹಳೆ ಕಟ್ಟಡದಲ್ಲೇ ಅಲ್ವಾ? ನಿಜ. ಆದರೆ ಲಂಡನ್ನಿನ ಆ ಹುಡುಗರಿಗೆ ಬಂದರು ಪ್ರದೇಶದ ಅಭಿವೃದ್ಧಿ ನಿಗಮದ ನೆರವಿತ್ತು. ಕಟ್ಟಡ ಗುಡಿಸಿ, ಗೋಡೆಗೆ ಬಣ್ಣ ಬಳಿದ ಮೇಲೆ ಚಿತ್ರ ಹಾಕಿದರು. ನಮ್ಮವರು ಸುಮ್ನೆ ಫೋಟೊ ನೋಡಿ ಜಾಗ ಆರಿಸಿದರು. ಜಲವರ್ಣಕ್ಕೆ, ಬೆಳಕು ಅಳೆಯುವ ಲೆಕ್ಕದಲ್ಲಿ, 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳಬಾರದು ಅನ್ನುತ್ತಾರೆ. ಆ ವಿಷಯದಲ್ಲಿ ಮಾತ್ರ ಗೋದಾಮಿನ ಮೇಲೆ ದೂರಿಲ್ಲ. ಪ್ರೊಜೆಕ್ಟರ್ ಹಚ್ಚಿದಾಗಲೆಲ್ಲ ಫ್ಯೂಸ್ ಹೋಗಿ ಪೂರ್ತಿ ಕತ್ತಲೆ. ಶೌಚಾಲಯದ ಮಾತು ಬೇಡ.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ನಿಮ್ಮ ವರದಿ ಬಂದ ದಿನವೇ ಮಧ್ಯಾಹ್ನ ಅಧಿಕಾರಿಯೊಬ್ಬರು ಬಂದು, ಒಂದೇ ಬಾಗಿಲಿದೆ, ಬೆಂಕಿ ಬಿದ್ದರೆ ಗತಿ ಏನು ಅಂತ ಬೀಗ ಜಡಿದರು. ಪ್ರಶ್ನೆ ಸರಿಯೇ. ಆದರೆ ಅನುಮತಿ ಪತ್ರಕ್ಕೆ ಸಹಿ ಹಾಕಿದ ದಿನ ಅಲ್ಲಿ ಎರಡು ಬಾಗಿಲಿತ್ತೇ? ಅನುಮತಿ ಕೊಟ್ಟಿದ್ದು ಅವರ ಕಚೇರಿಯ ಮೇಲಿನ ಮಹಡಿಯವರು, ಬೀಗ ಹಾಕಿದ್ದು ಕೆಳಗಿನ ಮಹಡಿಯವರು. ನಾನು ಮೆಟ್ಟಿಲು ಹತ್ತಿಳಿದು ಮಂಡಿ ನೋಯಿಸಿಕೊಂಡೆ.

1980ರ ಜನವರಿ 1ರಂದು ನ್ಯೂಯಾರ್ಕಿನಲ್ಲೂ ಕಲಾವಿದರು ಖಾಲಿ ಕಟ್ಟಡಕ್ಕೆ ನುಗ್ಗಿ ಪ್ರದರ್ಶನ ಮಾಡಿದ್ದರು. ಮರುದಿನವೇ ಬೀಗ ಬಿತ್ತು. ಅವರು ಕೇಳದೆ ನುಗ್ಗಿದವರು, ಆದರೂ ಕೊನೆಗೆ ಬೇರೆ ಜಾಗ ಸಿಕ್ಕಿತು. ಅರ್ಜಿ ಹಾಕಿ, ಬಾಡಿಗೆ ಕಟ್ಟಿದ ನಮಗೆ ಸಿಕ್ಕಿದ್ದು ರಸೀದಿ. ಇದೇ ಕಚೇರಿಗೆ ಕಲಾಭವನ ಬೇಕೆಂದು ಆರು ವರ್ಷದ ಹಿಂದೆ ಅರ್ಜಿ ಕೊಟ್ಟಿದ್ದೆವು. ಕಡತ ‘ಪರಿಶೀಲನೆಯಲ್ಲಿದೆ’. ಅದಕ್ಕೂ ತೇವ ಹಿಡಿದಿರಬೇಕು.

ಇಂಥ ಕಟ್ಟಡಗಳನ್ನು ಪ್ರದರ್ಶನಕ್ಕೆ ಕೊಡಲೇಬಾರದು. ಕೊಟ್ಟರೆ ಸರಿಮಾಡಿ ಕೊಡಬೇಕು. ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಬೀಗದ ಕೈಯನ್ನಾದರೂ ಕಳಿಸಲಿ. ನನ್ನ ಐದು ಚಿತ್ರ ಒಳಗಿವೆ, ಹೊರಗೆ ಮತ್ತೆ ಮೋಡ ಕಟ್ಟಿದೆ.

– ಬಾಗಿಲಿನ ಎಡಗಡೆ ಗೋಡೆಯ ಕಲಾವಿದ